ತಿಮಿಂಗಿಲದ ಬಾಲವೂ ನಮ್ಮ ಸನ್ನೆಗೋಲೂ

ಭೌತಶಾಸ್ತ್ರವನ್ನು ಬೋಧಿಸುವ ನಾವು ಮೂಳೆಯನ್ನು ಕಂಡೊಡನೆ ಸನ್ನೆಗೋಲೆಂದು ಎಣಿಸಿ ಲೆಕ್ಕಕ್ಕೆ ತೊಡಗುತ್ತೇವೆ. ಅದರಿಂದ ದೊರೆಯುವುದು ಅರ್ಧ ಉತ್ತರವಷ್ಟೆ. ತಿಮಿಂಗಿಲವನ್ನೇ ನೋಡಿರಿ. ಮೀನು ಬಾಲವನ್ನು ಎಡಬಲಕ್ಕೆ ಬೀಸಿದರೆ, ತಿಮಿಂಗಿಲವು ಮೇಲಕ್ಕೂ ಕೆಳಕ್ಕೂ ಬಡಿಯುತ್ತದೆ. ಎರಡಕ್ಕೂ ನೀರೊಂದೇ, ಚಲನೆಯ ನಿಯಮಗಳೂ ಒಂದೇ. ಭೇದವೆಲ್ಲಿಯದು? ಸುಮಾರು 5 ಕೋಟಿ ವರ್ಷಗಳ ಹಿಂದೆ ತಿಮಿಂಗಿಲದ ಪೂರ್ವಿಕರು ನಾಲ್ಕು ಕಾಲುಗಳಿಂದ ನೆಲದ ಮೇಲೆ ನಡೆಯುತ್ತಿದ್ದ ಸಸ್ತನಿಗಳು. ನಾಗಾಲೋಟದಲ್ಲಿ ಓಡುವ ಸಸ್ತನಿಯ ಬೆನ್ನು ಮೇಲೆ ಕೆಳಗೆ ಬಾಗುತ್ತದೆ. ಆ ಬಾಗನ್ನೇ ಬೆನ್ನೆಲುಬು ಕಡಲಿಗೂ ಕೊಂಡೊಯ್ದಿತು. ಜಿರಾಫೆಯ ನೀಳವಾದ ಕೊರಳಿನಲ್ಲಿರುವುದೂ ನಮ್ಮಂತೆಯೇ 7 ಮೂಳೆಗಳು! ಕೊರಳೊಂದನ್ನು ಹೊಸದಾಗಿ ರಚಿಸುವ ಎಂಜಿನಿಯರನು ಹಾಗೆ ಮಾಡಿಯಾನೆ? ಭೌತಶಾಸ್ತ್ರದ ವಿದ್ಯಾರ್ಥಿಗೆ ಪ್ರಾಣಿಶಾಸ್ತ್ರದ ಕೊಠಡಿಯ ಬಾಗಿಲನ್ನು ಮುಚ್ಚಿಡುವುದು ನಮಗೆ ಸರಿಯೆನಿಸದು. ಅಲ್ಲಿರುವ ಅಸ್ಥಿಪಂಜರದ ಮುಂದೆ, ಅಳತೆಪಟ್ಟಿಯನ್ನು ಕೈಗಿತ್ತು, ಅವನನ್ನೊಮ್ಮೆ ನಿಲ್ಲಿಸಬೇಕು.