ಶಿಕ್ಷೆ ತಪ್ಪಿದ ಮಾತ್ರಕ್ಕೆ ಸಮಾನರೇ?

ಸಮಲಿಂಗಪ್ರೇಮಿಗಳಿಗೆ ಶಿಕ್ಷೆ ತಪ್ಪಿತಷ್ಟೆ, ಇನ್ನೇನು ಬೇಕು, ಎಂದು ಕೇಳುವ ಮಹನೀಯರು ಬಹುಮಂದಿ ಉಂಟು. ಶಿಕ್ಷೆ ತಪ್ಪಿದುದು ನಿಜ. ದಂಡಸಂಹಿತೆಯ ೩೭೭ನೆಯ ಕಲಮು ಪ್ರಾಪ್ತವಯಸ್ಕರ ಒಪ್ಪಿಗೆಯ ಸಂಬಂಧಕ್ಕೆ ಅನ್ವಯಿಸತಕ್ಕುದಲ್ಲವೆಂದು ಸರ್ವೋಚ್ಚ ನ್ಯಾಯಾಲಯವು ೨೦೧೮ನೆಯ ಇಸವಿ ಸೆಪ್ಟೆಂಬರ್ ೬ರಂದು ತೀರ್ಪಿತ್ತಿತು. ಆದರೆ ಅಪರಾಧಿಯಲ್ಲವೆಂದ ಮಾತ್ರಕ್ಕೆ ಸಮಾನನೆಂದಾಯಿತೇ?

ಮೂವತ್ತು ವರ್ಷ ಒಂದೇ ಒಲೆಯ ಅನ್ನವನ್ನುಂಡ ಇಬ್ಬರು ಗಂಡಸರಿದ್ದಾರೆನ್ನಿ. ಅವರಲ್ಲೊಬ್ಬನು ಉಯಿಲು ಬರೆಯದೆ ತೀರಿಕೊಳ್ಳುತ್ತಾನೆ. ಹಿಂದುವಾದರೆ, ೧೯೫೬ರ ಉತ್ತರಾಧಿಕಾರ ಶಾಸನದಂತೆ ಅವನ ಸ್ವತ್ತು ತಾಯಿ, ಹೆಂಡತಿ, ಮಕ್ಕಳು ಮೊದಲಾದವರಿಗೂ, ಅವರಿಲ್ಲದಿದ್ದರೆ ತಂದೆಗೂ, ಬಳಿಕ ಒಡಹುಟ್ಟಿದವರಿಗೂ, ಕಡೆಗೆ ಎಂದೂ ಮುಖ ಕಾಣದ ದೂರದ ದಾಯಾದಿಗೂ ಸಲ್ಲುತ್ತದೆ. ಅಂಥವನೂ ಇಲ್ಲದಿದ್ದರೆ? ೨೯ನೆಯ ಕಲಮಿನ ಮೇರೆಗೆ ಸರಕಾರಕ್ಕೆ! ಕಾಯಿಲೆಯಲ್ಲಿ ಗಂಜಿ ಕಾಸಿ ಕುಡಿಸಿದವನ ಹೆಸರು ಇಷ್ಟುದ್ದದ ಪಟ್ಟಿಯಲ್ಲಿ ಎಲ್ಲಿಯೂ ಇಲ್ಲ. ಉಯಿಲು ಬರೆಯಬಹುದಲ್ಲ ಎನ್ನುವರು. ಬರೆಯಬಹುದು. ಆದರೆ ಮದುವೆಯಾದವನು ಉಯಿಲು ಬರೆಯಲು ಮರೆತನೆಂದು ಅವನ ಹೆಂಡತಿಯನ್ನು ಬರಿಗೈಯಲ್ಲಿ ಕಳುಹಿಸುವ ಶಾಸನವುಂಟೇ?

೨೦೨೪ನೆಯ ಆಗಸ್ಟ್ ೨೮ರಂದು ಕೇಂದ್ರದ ಹಣಕಾಸಿನ ಸಚಿವಾಲಯವು, ಇಂಥವರು ಬ್ಯಾಂಕಿನಲ್ಲಿ ಜಂಟಿ ಖಾತೆ ತೆರೆಯಲೂ ಸಂಗಾತಿಯನ್ನು ನಾಮಿನಿಯಾಗಿ ಸೂಚಿಸಲೂ ಅಡ್ಡಿಯಿಲ್ಲವೆಂದು ಸಾರಿತು. ಉಪಕಾರವೇ ಸರಿ. ಆದರೆ ನಾಮಿನಿಯೆಂಬವನು ಹಣವನ್ನು ಬ್ಯಾಂಕಿನಿಂದ ಪಡೆಯತಕ್ಕವನೇ ಹೊರತು ಒಡೆಯನಲ್ಲ. ವಾರಸುದಾರನು ಬಂದು ಕೇಳಿದರೆ ಒಪ್ಪಿಸತಕ್ಕವನು.

ಇದು ಪರದೇಶದ ಚಾಳಿಯೆಂದು ಮೂಗು ಮುರಿಯುವವರು ಆ ೩೭೭ನೆಯ ಕಲಮು ಎಲ್ಲಿಂದ ಬಂದಿತೆಂಬುದನ್ನು ವಿಚಾರಿಸುವುದೇ ಇಲ್ಲ. ಮೆಕಾಲೆಯ ಕರಡಿನಿಂದ ಬೆಳೆದ ೧೮೬೦ರ ದಂಡಸಂಹಿತೆಯಲ್ಲಿ ಅದನ್ನು ಸೇರಿಸಿದವರು ಆಂಗ್ಲರು. ಆ ಇಂಗ್ಲೆಂಡೇ ತನ್ನ ಶಾಸನವನ್ನು ೧೯೬೭ರಲ್ಲಿ ಸಡಿಲಿಸಿತು. ೨೦೧೪ರಿಂದ ಅಲ್ಲಿ ಇಂಥ ವಿವಾಹಗಳೂ ನಡೆಯುತ್ತಿವೆ. ಏಷ್ಯಾದ ಥಾಯ್ಲೆಂಡು ೨೦೨೫ನೆಯ ಜನವರಿ ೨೩ರಿಂದ ಅವನ್ನು ನೋಂದಾಯಿಸುತ್ತಿದೆ.

ವಿವಾಹದ ಪಾವಿತ್ರ್ಯ ಕೆಡುವುದೆಂಬ ಅಳುಕು ಇನ್ನು ಕೆಲವರಿಗೆ. ಸಪ್ತಪದಿಯನ್ನು ಕೇಳಿದವರಾರು? ನ್ಯಾಯಾಲಯದಲ್ಲಿ ಮುಖ್ಯವಾಗಿ ಚರ್ಚೆಗೆ ಬಂದುದು ೧೯೫೪ರ ವಿಶೇಷ ವಿವಾಹ ಶಾಸನ. ಅಲ್ಲಿ ಪುರೋಹಿತನೂ ಬೇಕಿಲ್ಲ, ಅಗ್ನಿಯೂ ಬೇಕಿಲ್ಲ. ಅಧಿಕಾರಿಯೊಬ್ಬನು, ಸಾಕ್ಷಿಗಳು ಮೂವರು. ಅದನ್ನು ಹಿಗ್ಗಿಸುವುದು ತನ್ನ ಕೆಲಸವಲ್ಲ, ಶಾಸನಸಭೆಯ ಕೆಲಸವೆಂದು ೨೦೨೩ನೆಯ ಅಕ್ಟೋಬರ್ ೧೭ರಂದು ಸರ್ವೋಚ್ಚ ನ್ಯಾಯಾಲಯವು ಹೇಳಿತು. ಹಾಗಾದರೆ ಸಂಸತ್ತು ಆ ೧೯೫೪ರ ಶಾಸನವನ್ನೂ ೧೯೫೬ರ ಪಟ್ಟಿಯನ್ನೂ ಕೈಗೆತ್ತಿಕೊಂಡು ತಿದ್ದಲಿ. ಸತ್ತವನ ಮನೆಯ ಬೀಗದ ಕೈ ಸರಕಾರಕ್ಕೆ ಹೋಗುವ ಮುಂಚೆ ಅವನೊಡನೆ ಬಾಳಿದವನಿಗೆ ಸಿಗಲಿ.