ಸ್ಟೆಪ್ನಿಯಿಲ್ಲದ ಕಾರು

ಹೆಚ್ಚುವರಿ ಚಕ್ರವನ್ನು ನಾವು ‘ಸ್ಟೆಪ್ನಿ’ ಎನ್ನುತ್ತೇವಷ್ಟೆ. ಅದು ವೇಲ್ಸ್ ದೇಶದ ಲನೆಲ್ಲಿ ಪಟ್ಟಣದ ಒಂದು ಬೀದಿಯ ಹೆಸರು. 1904ರಲ್ಲಿ ಡೇವಿಸ್ ಸಹೋದರರು ಅಲ್ಲಿ ಇಂಥ ಚಕ್ರವನ್ನು ರೂಪಿಸಿದರು. ಇಂಗ್ಲಿಷರ ಮಾತಿನಲ್ಲಿ ಬಹುಮಟ್ಟಿಗೆ ಮರೆಯಾದ ಆ ಹೆಸರು ಭದ್ರಾವತಿಯ ಪಂಕ್ಚರ್ ಅಂಗಡಿಗಳಲ್ಲಿ ಇಂದಿಗೂ ಜೀವಂತವಾಗಿದೆ.

ಈಗ ವಸ್ತುವೇ ಮರೆಯಾಗುತ್ತಿದೆ. ತೂಕ ಇಳಿಸಲು, ಸ್ಥಳ ಉಳಿಸಲು ಆಧುನಿಕ ಸ್ಪೋರ್ಟ್ಸ್ ಕಾರುಗಳು ಸ್ಟೆಪ್ನಿಯನ್ನು ಕೈಬಿಟ್ಟಿವೆ. ನಮ್ಮ ಕೇಂದ್ರ ಸರ್ಕಾರವೂ 2020ರ ಜುಲೈನಲ್ಲಿ ಮೋಟಾರು ವಾಹನ ನಿಯಮಗಳನ್ನು ತಿದ್ದಿತು. ಟ್ಯೂಬ್‌ಲೆಸ್ ಟೈರು, ಗಾಳಿಯ ಒತ್ತಡ ತಿಳಿಸುವ ವ್ಯವಸ್ಥೆ ಹಾಗೂ ದುರಸ್ತಿ ಕಿಟ್ ಇದ್ದರೆ, 3.5 ಟನ್ ಮೀರದ ಪ್ರಯಾಣಿಕ ಕಾರುಗಳಿಗೆ ಸ್ಟೆಪ್ನಿ ಕಡ್ಡಾಯವಲ್ಲ.

ಆದರೆ ಕಿಟ್‌ನ ದ್ರವವು ಮೊಳೆ ಚುಚ್ಚಿದ ಸಣ್ಣ ರಂಧ್ರವನ್ನು ಮಾತ್ರ ಮುಚ್ಚಬಲ್ಲದು. ಟೈರಿನ ಪಕ್ಕದ ಗೋಡೆ ಸೀಳಿದರೆ ಅದು ನಿಷ್ಪ್ರಯೋಜಕ. ಸ್ಪೋರ್ಟ್ಸ್ ಕಾರುಗಳ ಟೈರಿಗೆ ಆ ಗೋಡೆಯೇ ಗಿಡ್ಡ. ಗುಂಡಿಗೆ ಬಿದ್ದಾಗ ಪೆಟ್ಟು ತಾಗುವುದೂ ಅಲ್ಲಿಗೇ. ಹೀಗೆ, ಸ್ಟೆಪ್ನಿಯ ಅಗತ್ಯ ಹೆಚ್ಚಿರುವ ವಾಹನಕ್ಕೇ ಅದು ಇಲ್ಲವಾಗಿದೆ.

ಶಿವಮೊಗ್ಗದಿಂದ ಭದ್ರಾವತಿಗೆ ಸುಮಾರು 20 ಕಿಲೋಮೀಟರು. ದಾರಿಯಲ್ಲಿ ನೆರವು ಸಿಕ್ಕೀತು. ಆದರೆ ತೀರ್ಥಹಳ್ಳಿ ದಾಟಿ ಆಗುಂಬೆಯತ್ತ, ಆಷಾಢದ ಮಳೆಯ ರಾತ್ರಿಯಲ್ಲಿ, ಮಕ್ಕಳು ವೃದ್ಧರೊಡನೆ ನಿಂತವರಿಗೆ ಯಾರು ದಿಕ್ಕು? ದೂರವಾಣಿ ಸಂಪರ್ಕವೂ ಅಲ್ಲಿ ಎಲ್ಲೆಡೆ ದೊರೆಯದು.

ನಿಯಮವು ಕಡ್ಡಾಯವಲ್ಲ ಎಂದಿದೆಯೇ ಹೊರತು ಬೇಡವೆಂದಿಲ್ಲ. ಕಾರು ಕೊಳ್ಳುವಾಗ ಬಣ್ಣ, ವೇಗಗಳ ಜೊತೆಗೆ ಡಿಕ್ಕಿಯ ತಳವನ್ನೂ ಎತ್ತಿ ನೋಡಿರಿ. ಅಲ್ಲಿ ಚಕ್ರವಿರದಿದ್ದರೆ, ಹಣ ಕೊಡುವ ಮೊದಲೇ ಕೇಳಿರಿ.