ಕರಿಯ ಕಿಟಕಿಯಲ್ಲಿ ಸೋಬಾನೆ ಪದ

ಛತ್ರಪತಿ ಸಂಭಾಜಿನಗರದ ಸೋದರಿಯೊಬ್ಬರು ಬರೆದು ಕೇಳಿದ್ದಾರೆ. ಪುಣೆಯಲ್ಲಿ ಓದುವ ಮಗ ರಜೆಗೆ ಬಂದವನು ಮನೆಯ ಹಳೆಯ ಗಣಕಕ್ಕೆ ಲಿನಕ್ಸ್ ಹಾಕಿ, "ಅವ್ವಾ, ಬರಿಯೂದಿದ್ರ ನ್ಯಾನೋದಾಗ ಬರಿ" ಎಂದು ಹೇಳಿ ಹೊರಟುಹೋದನಂತೆ. ಕಲಬುರಗಿ ಕಡೆಯ ಅತ್ತೆಯವರಿಗೆ ಎಂಬತ್ತು ದಾಟಿದೆ. ಅವರ ಬಾಯಲ್ಲಿರುವ ಸೋಬಾನೆ ಪದಗಳನ್ನು ಬರೆದಿಡಬೇಕೆಂಬುದು ಈಕೆಯ ಆಸೆ. (1956ರವರೆಗೆ ಕಲಬುರಗಿ, ಔರಂಗಾಬಾದುಗಳೆರಡೂ ಹೈದರಾಬಾದ್ ರಾಜ್ಯದಲ್ಲೇ ಇದ್ದವಷ್ಟೆ, ಅತ್ತೆಯವರು ಹುಟ್ಟಿದಾಗ ಎರಡೂ ಒಂದೇ ಸಂಸ್ಥಾನದ ಊರುಗಳು.) ಆ ಕರಿಯ ಕಿಟಕಿಯಲ್ಲಿ ಬರೆಯುವುದು ಹೇಗೆ, ಬರೆದದ್ದು ಉಳಿದೀತೇ ಎಂಬುದು ಪ್ರಶ್ನೆ.

ಹೆದರಬೇಕಾದ್ದೇನೂ ಇಲ್ಲ. ಕ್ರಿಸ್ ಅಲೆಗ್ರೆಟಾ ಎಂಬವರು 1999ರಲ್ಲಿ ಬರೆದ ಈ ನ್ಯಾನೋ, ಪೈಕೋ ಎಂಬ ಹಿಂದಿನ ಸಾಧನದ ಮಾದರಿಯದು. ಹೊಸಬರಿಗೆ ಸುಲಭವಾಗಲೆಂದೇ ಇದ್ದದ್ದು. ಕರಿಯ ಕಿಟಕಿಯನ್ನು ತೆರೆದು ಇಂಗ್ಲಿಷಿನಲ್ಲಿ ನ್ಯಾನೋ ಎಂದು ಒತ್ತಿ, ಸ್ವಲ್ಪ ಜಾಗ ಬಿಟ್ಟು ಕಡತಕ್ಕೊಂದು ಹೆಸರು ಕೊಟ್ಟು ಎಂಟರ್ ಒತ್ತಿದರೆ ಖಾಲಿ ಹಾಳೆ ಬರುತ್ತದೆ. ಬರೆಯುತ್ತ ಹೋಗಿ. ಕೆಳಗಿನ ಎರಡು ಸಾಲುಗಳಲ್ಲಿ ಸೂಚನೆಗಳು ಸದಾ ಇರುತ್ತವೆ; ಅಲ್ಲಿ ಅಕ್ಷರದ ಹಿಂದೆ ಕಾಣುವ ಟೋಪಿಯಂಥ ಗುರುತಿಗೆ ಕಂಟ್ರೋಲ್ ಕೀಲಿ ಎಂದರ್ಥ. ಕಂಟ್ರೋಲ್ ಜೊತೆಗೆ ಓ ಒತ್ತಿದರೆ ಹೆಸರು ಕೇಳುತ್ತದೆ, ಎಂಟರ್ ಒತ್ತಿದರೆ ಕಡತ ಉಳಿಯುತ್ತದೆ. ಎಕ್ಸ್ ಒತ್ತಿದರೆ ಹೊರಗೆ. ಉಳಿಸದೆ ಹೊರಟರೆ ಉಳಿಸಲೇ ಎಂದು ತಾನೇ ಕೇಳುತ್ತದೆ. ಕೆ ಒತ್ತಿದರೆ ಇಡೀ ಸಾಲು ಮಾಯ, ಯು ಒತ್ತಿದರೆ ಹೇಳಿದಲ್ಲಿ ಮತ್ತೆ ಹಾಜರು. ಪಲ್ಲವಿಯನ್ನು ಮೇಲಿಂದ ಕೆಳಕ್ಕೆ ಸಾಗಿಸಲು ಇಷ್ಟೇ ಸಾಕು. ಈ ಕೀಲಿಗಳನ್ನು ಒತ್ತುವಾಗ ಮಾತ್ರ ಕೀಲಿಮಣೆಯನ್ನು ಇಂಗ್ಲಿಷಿಗೆ ತಿರುಗಿಸಿಕೊಳ್ಳುವುದು ಕ್ಷೇಮ.

ಕನ್ನಡ ಒತ್ತುವುದು ಹೇಗೆಂದರೆ, ನಾಸಿಕದಲ್ಲಾಗಲಿ ಸಂಭಾಜಿನಗರದಲ್ಲಾಗಲಿ ಮರಾಠಿ ಇನ್‌ಸ್ಕ್ರಿಪ್ಟ್ ಕಲಿತವರಿಗೆ ಅದು ಬಂದಂತೆಯೇ. ಮರಾಠಿಯ ಕ ಇರುವ ಕೀಲಿಯಲ್ಲೇ ಕನ್ನಡದ ಕ, ಪ ಇರುವಲ್ಲೇ ಪ. ಕಚೇರಿಯಲ್ಲಿ ದಿನವೆಲ್ಲ ಮರಾಠಿ ಕಡತ ಬಡಿಯುವ ನಮ್ಮಂಥ ಗುಮಾಸ್ತರ ಬೆರಳುಗಳು ತಮಗೇ ತಿಳಿಯದೆ ಕನ್ನಡ ಕಲಿತಿರುತ್ತವೆ!

ಒಂದು ತೊಡಕು ನಿಜ. ಕರಿಯ ಕಿಟಕಿಗಳು ಅನೇಕ ವೇಳೆ ನಮ್ಮ ಒತ್ತಕ್ಷರಗಳನ್ನು ಸರಿಯಾಗಿ ಕೂಡಿಸಿ ತೋರಿಸುವುದಿಲ್ಲ. "ಅಕ್ಕ" ಎಂದು ಬರೆದರೆ ಒತ್ತು ಬೇರೆ, ಅಕ್ಷರ ಬೇರೆಯಾಗಿ ನಿಲ್ಲಬಹುದು. ಕಡತದೊಳಗೆ ಮಾತ್ರ ಏನೂ ಕೆಟ್ಟಿರುವುದಿಲ್ಲ. ಅದೇ ಕಡತವನ್ನು ಸಾಮಾನ್ಯ ಬರೆಹದ ಕಿಟಕಿಯಲ್ಲಿ ತೆರೆದರೆ ಅಕ್ಷರಗಳು ಕೂಡಿಕೊಳ್ಳುತ್ತವೆ. ನನ್ನನ್ನು ಕೇಳಿದರೆ, ಉದ್ದನೆಯ ಪದಗಳನ್ನು ಆ ಇನ್ನೊಂದು ಕಿಟಕಿಯಲ್ಲೇ ಬರೆಯಿರಿ, ನ್ಯಾನೋವನ್ನು ಚಿಕ್ಕ ತಿದ್ದುಪಡಿಗೆ ಇಟ್ಟುಕೊಳ್ಳಿ. ಮಗ ಮುನಿಸಿಕೊಂಡರೆ ಮುನಿಸಿಕೊಳ್ಳಲಿ.

ಉಳಿದೀತೇ ಎಂಬ ಪ್ರಶ್ನೆಯೇ ದೊಡ್ಡದು. ಹಳೆಯ ನುಡಿ, ಬರಹದ ಅಕ್ಷರಶೈಲಿಗಳಲ್ಲಿ ಒತ್ತಿದ ಎಷ್ಟೋ ಕಡತಗಳು, ಆ ಶೈಲಿಯಿಲ್ಲದ ಗಣಕದಲ್ಲಿ ಇಂದು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳಾಗಿ ಕಾಣುತ್ತವೆ. ಯೂನಿಕೋಡಿನಲ್ಲಿ ಕನ್ನಡಕ್ಕೆ ತನ್ನದೇ ಸಂಕೇತಗಳಿವೆ. ಅದರಲ್ಲಿ ಬರೆದ ಬರಿಯ ಪಠ್ಯದ ಕಡತ ಯಾವುದೊಂದು ಕಂಪನಿಯ ತಂತ್ರಾಂಶವನ್ನೂ ನೆಚ್ಚಿಲ್ಲ. ಆದರೂ ಒಂದೇ ಯಂತ್ರದಲ್ಲಿ ಇಡಬೇಡಿ. ಪ್ರತಿಯೊಂದನ್ನು ಮಗನಿಗೆ ಕಳಿಸಿ, ಇನ್ನೊಂದನ್ನು ಮುದ್ರಿಸಿ ಕಪಾಟಿನಲ್ಲಿಡಿ. ಮತ್ತು ಪ್ರತಿ ಪದದ ತಲೆಯಲ್ಲಿ, ಅದು ಅರಿಸಿನ ಹಚ್ಚುವಾಗಿನದೋ, ಮಗಳನ್ನು ಒಪ್ಪಿಸಿಕೊಡುವಾಗಿನದೋ, ಅತ್ತೆಯವರು ಅದನ್ನು ಯಾರಿಂದ ಕಲಿತರೋ, ಈಗಲೇ ಕೇಳಿ ಬರೆದುಕೊಳ್ಳಿ.